ಏಷ್ಯಾ ದೇಶಗಳ ಪತ್ರಿಕಾ ಸ್ವಾತಂತ್ರ್ಯವನ್ನು ಹೋಲಿಸುವುದು ಹೇಗೆ: ಹಾಸನ–ಚಿಕ್ಕಮಗಳೂರಿನ ವರದಿಗಾರರಿಗೆ, ವಿದ್ಯಾರ್ಥಿಗಳಿಗೆ ಒಂದು ಸಮಗ್ರ ಮಾರ್ಗದರ್ಶಿ

ವರ್ಷಕ್ಕೆ ಎರಡು ಸಲ ಈ ವಿಷಯ ನಮ್ಮ ಜಿಲ್ಲೆಗಳಲ್ಲಿ ವೇದಿಕೆ ಹತ್ತುತ್ತದೆ. ಮೇ 3ರ ವಿಶ್ವ ಪತ್ರಿಕಾ ಸ್ವಾತಂತ್ರ್ಯ ದಿನಕ್ಕೆ ಒಮ್ಮೆ, 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರಬಂದ ನೆನಪಿಗೆ ಜುಲೈ 1ರಂದು ಮಾಡುವ ಪತ್ರಿಕಾ ದಿನಾಚರಣೆಗೆ ಇನ್ನೊಮ್ಮೆ. ಎರಡೂ ಕಡೆ ಮೈಕಿನಿಂದ ಕೇಳಿಬರುವುದು ಒಂದು ಅಂಕಿ: ರಿಪೋರ್ಟರ್ಸ್ ವಿದೌಟ್ ಬಾರ್ಡರ್ಸ್ ಸಂಸ್ಥೆಯ ಪತ್ರಿಕಾ ಸ್ವಾತಂತ್ರ್ಯ ಸೂಚ್ಯಂಕದ 180 ದೇಶಗಳಲ್ಲಿ ಭಾರತಕ್ಕೆ ಇಷ್ಟನೇ ಸ್ಥಾನ. ಮಾತನಾಡುವವರು ಸರ್ಕಾರದ ಪರ ಇದ್ದರೆ ‘159ರಿಂದ 151ಕ್ಕೆ ಬಂದಿದ್ದೇವೆ’ ಅನ್ನುತ್ತಾರೆ. ವಿರೋಧ ಇದ್ದರೆ ‘ನೇಪಾಳಕ್ಕಿಂತಲೂ ಕೆಳಗಿದ್ದೇವೆ’ ಅನ್ನುತ್ತಾರೆ. ಎರಡೂ ಸುಳ್ಳಲ್ಲ. ಎರಡರಿಂದಲೂ ಕೇಳುಗನಿಗೆ ಏನೂ ತಿಳಿಯುವುದಿಲ್ಲ.

ತಿಳಿಯಬೇಕಾದದ್ದು ಬೇರೆ. ಒಂದು ಸುದ್ದಿ ಓದುಗನ ಕೈ ಸೇರುವ ಮೊದಲೇ ಅದನ್ನು ತಡೆಯುವ ಕೈ ಯಾವುದು? ಪೊಲೀಸಿನದೋ, ಕೋರ್ಟಿನದೋ, ಮಾಲೀಕನದೋ, ಜಾಹೀರಾತು ಕೊಡುವವನದೋ, ಬೀದಿಯ ಗುಂಪಿನದೋ? ದೇಶ ಬದಲಾದಂತೆ ಈ ಕೈಯೂ ಬದಲಾಗುತ್ತದೆ. ಹೋಲಿಕೆ ಅಂದರೆ ಈ ಕೈಗಳನ್ನು ಗುರುತಿಸುವುದು. ಅಂಕಿಗಳು ಅದಕ್ಕೆ ದಾರಿ ತೋರಿಸುತ್ತವೆ, ಅಷ್ಟೇ. ಕೆಳಗಿನ ಕ್ರಮದಲ್ಲಿ ಹೋದರೆ ಆರು ದೇಶಗಳ ಹೋಲಿಕೆಗೆ ಮೂರು ಸಂಜೆ ಸಾಕು. ಬೇಕಾಗುವುದು ಇಂಟರ್ನೆಟ್ ಇರುವ ಒಂದು ಕಂಪ್ಯೂಟರ್, ಒಂದು ಎಕ್ಸೆಲ್ ಹಾಳೆ ಮತ್ತು ಸ್ವಲ್ಪ ಅನುಮಾನದ ಬುದ್ಧಿ.

ಮೊದಲು ಪ್ರಶ್ನೆಯನ್ನು ಕಿರಿದು ಮಾಡಿಕೊಳ್ಳಿ

‘ಏಷ್ಯಾದಲ್ಲಿ ಪತ್ರಿಕಾ ಸ್ವಾತಂತ್ರ್ಯ’ ಎಂದು ಹೊರಟರೆ ಪ್ರಬಂಧ ಎಲ್ಲೂ ಮುಟ್ಟುವುದಿಲ್ಲ. ಜಪಾನನ್ನೂ ಉತ್ತರ ಕೊರಿಯಾವನ್ನೂ ಒಂದೇ ಉಸಿರಿನಲ್ಲಿ ಹೇಳಿದರೆ ಯಾರಿಗೂ ಗೊತ್ತಿಲ್ಲದ ವಿಷಯ ಒಂದೂ ಹೊರಬರುವುದಿಲ್ಲ. ಆರು ದೇಶ ಆರಿಸಿಕೊಳ್ಳಿ: ಭಾರತ, ನೇಪಾಳ, ಶ್ರೀಲಂಕಾ, ಬಾಂಗ್ಲಾದೇಶ, ಮ್ಯಾನ್ಮಾರ್, ಸಿಂಗಪುರ. ಈ ಆಯ್ಕೆಗೆ ಕಾರಣ ಇದೆ. ನೇಪಾಳ ಬಿಟ್ಟು ಉಳಿದವೆಲ್ಲ ಬ್ರಿಟಿಷರ ಆಳ್ವಿಕೆ ಕಂಡವು, ಕೆಲವಕ್ಕೆ ಕಾನೂನಿನ ಬೇರೂ ಒಂದೇ. ಹಾಗಾಗಿ ಒಂದೇ ಬೀಜ ಬೇರೆ ಬೇರೆ ನೆಲದಲ್ಲಿ ಹೇಗೆ ಬೆಳೆಯಿತು ಎಂದು ನೋಡಬಹುದು. ಸಿಂಗಪುರವನ್ನು ಬೇಕೆಂದೇ ಸೇರಿಸಿದ್ದು. ಅಲ್ಲಿ ಪತ್ರಕರ್ತರ ಕೊಲೆ ಇಲ್ಲ, ಬೀದಿ ಗಲಾಟೆ ಇಲ್ಲ, ಆದರೂ ಸ್ಥಾನ ನೂರರಿಂದ ಆಚೆಗೆ. ಏಕೆ ಎಂಬುದೇ ಒಳ್ಳೆಯ ಪಾಠ.

ಕಾಲಾವಧಿ 2022ರಿಂದ ಈಚೆಗೆ ಇರಲಿ. ಕಾರಣ ಮುಂದೆ ಬರುತ್ತದೆ.

ಹಾಳೆ ಹಾಕುವುದು

ಒಂದು ದೇಶದ ಒಂದು ವರ್ಷಕ್ಕೆ ಒಂದು ಅಡ್ಡಸಾಲು. ಕಂಬಸಾಲುಗಳು ಹೀಗೆ: ದೇಶ, ಮೂರಕ್ಷರದ ದೇಶ ಸಂಕೇತ, ಘಟನೆ ನಡೆದ ವರ್ಷ, ವರದಿ ಪ್ರಕಟವಾದ ವರ್ಷ, ಒಟ್ಟು ಅಂಕ, ಸ್ಥಾನ, ಐದು ಉಪ ಅಂಕಗಳು, ಜೈಲಿನಲ್ಲಿರುವ ಪತ್ರಕರ್ತರು, ಕೊಲೆಯಾದವರು, ಇಂಟರ್ನೆಟ್ ಸ್ಥಗಿತ, ಕಾನೂನಿನ ಟಿಪ್ಪಣಿ, ಮಾಹಿತಿ ಎಲ್ಲಿಂದ, ನೋಡಿದ ದಿನಾಂಕ.

‘ಘಟನೆ ನಡೆದ ವರ್ಷ’ ಮತ್ತು ‘ಪ್ರಕಟವಾದ ವರ್ಷ’ ಎಂದು ಎರಡು ಕಂಬ ಏಕೆ ಎಂದರೆ, ಹೆಚ್ಚಿನವರು ಎಡವುವುದೇ ಇಲ್ಲಿ. ರಿಪೋರ್ಟರ್ಸ್ ವಿದೌಟ್ ಬಾರ್ಡರ್ಸ್ ಸಂಸ್ಥೆ (ಆರ್‌ಎಸ್‌ಎಫ್) 2025ರ ಮೇನಲ್ಲಿ ಕೊಟ್ಟ ಸೂಚ್ಯಂಕ ಹೆಚ್ಚುಪಾಲು 2024ರ ಸ್ಥಿತಿ ಹೇಳುತ್ತದೆ. ಕಮಿಟಿ ಟು ಪ್ರೊಟೆಕ್ಟ್ ಜರ್ನಲಿಸ್ಟ್ಸ್ (ಸಿಪಿಜೆ) ತನ್ನ ಜೈಲು ಗಣತಿಯನ್ನು ಡಿಸೆಂಬರ್ 1ಕ್ಕೆ ನಿಲ್ಲಿಸುತ್ತದೆ. ಎರಡನ್ನೂ ‘2025’ ಎಂಬ ಒಂದೇ ಸಾಲಿಗೆ ತುರುಕಿದರೆ ಹೋದ ವರ್ಷದ ಮಳೆಗೆ ಈ ವರ್ಷದ ಬೆಳೆ ಜೋಡಿಸಿದಂತಾಗುತ್ತದೆ.

ಇನ್ನೊಂದು ಚಿಕ್ಕ ತೊಡಕು, ಆದರೆ ಇಡೀ ಹಾಳೆ ಕೆಡಿಸುವಂಥದ್ದು. ಆರ್‌ಎಸ್‌ಎಫ್ ಫ್ರೆಂಚ್ ಮೂಲದ ಸಂಸ್ಥೆ. ಅವರ ತಾಣದಿಂದ ಇಳಿಸಿಕೊಳ್ಳುವ ಕಡತದಲ್ಲಿ ದಶಾಂಶಕ್ಕೆ ಚುಕ್ಕಿಯ ಬದಲು ಅಲ್ಪವಿರಾಮ ಇರುತ್ತದೆ. 31.28 ಎಂಬುದು ‘31,28’ ಎಂದು ಬರುತ್ತದೆ. ನಮ್ಮ ಕಂಪ್ಯೂಟರಿನ ಎಕ್ಸೆಲ್ ಅದನ್ನು 3128 ಎಂದು ಓದಿಬಿಡಬಹುದು, ಇಲ್ಲವೇ ಅಕ್ಷರವೆಂದು ತಿಳಿದು ಲೆಕ್ಕಕ್ಕೇ ಸೇರಿಸಿಕೊಳ್ಳದೆ ಇರಬಹುದು. ಅಂಕದ ಕಂಬ ಆಯ್ದುಕೊಂಡು ಅಲ್ಪವಿರಾಮವನ್ನು ಚುಕ್ಕಿಗೆ ಬದಲಿಸಿ, ಆಮೇಲೆ ಒಂದು ಪರೀಕ್ಷೆ ಮಾಡಿ: ಯಾವ ಅಂಕವೂ 100 ದಾಟಿರಬಾರದು. ಎರಡು ಪಟ್ಟಿ ಜೋಡಿಸುವಾಗ ದೇಶದ ಹೆಸರು ನಂಬಬೇಡಿ, ಮೂರಕ್ಷರದ ಸಂಕೇತ ನಂಬಿ. ಒಂದು ಕಡೆ ಮ್ಯಾನ್ಮಾರ್ ಇದ್ದರೆ ಇನ್ನೊಂದು ಕಡೆ ಬರ್ಮಾ ಇರುತ್ತದೆ. ಹಾಂಗ್‌ಕಾಂಗ್ ಚೀನಾದ ಭಾಗವಾದರೂ ಆರ್‌ಎಸ್‌ಎಫ್ ಪಟ್ಟಿಯಲ್ಲಿ ಪ್ರತ್ಯೇಕ ಸಾಲು.

ಆರ್‌ಎಸ್‌ಎಫ್ ಅಂಕ ಓದುವ ಕ್ರಮ

ಈ ಸೂಚ್ಯಂಕ 2002ರಲ್ಲಿ ಶುರುವಾಯಿತು. ಈಗಿನ ಪದ್ಧತಿಯಲ್ಲಿ ಪ್ರತಿ ದೇಶಕ್ಕೆ 0ರಿಂದ 100ರ ಒಳಗೆ ಅಂಕ, 100 ಎಂದರೆ ಪೂರ್ಣ ಸ್ವಾತಂತ್ರ್ಯ. ಐದು ಭಾಗ: ರಾಜಕೀಯ, ಆರ್ಥಿಕ, ಕಾನೂನು, ಸಾಮಾಜಿಕ–ಸಾಂಸ್ಕೃತಿಕ, ಸುರಕ್ಷತೆ. ಪತ್ರಕರ್ತರು, ಸಂಶೋಧಕರು, ಮಾನವ ಹಕ್ಕು ಕಾರ್ಯಕರ್ತರು ತುಂಬಿದ ಪ್ರಶ್ನಾವಳಿಯ ಉತ್ತರಗಳು ಒಂದು ಕಡೆ, ಪತ್ರಕರ್ತರ ಮೇಲೆ ನಡೆದ ಹಲ್ಲೆ, ಬಂಧನ, ಕೊಲೆಗಳ ಎಣಿಕೆ ಇನ್ನೊಂದು ಕಡೆ. 85ಕ್ಕೆ ಮೇಲಿದ್ದರೆ ‘ಉತ್ತಮ’, 70ರಿಂದ 85 ‘ತೃಪ್ತಿಕರ’, 55ರಿಂದ 70 ‘ಸಮಸ್ಯೆಯುಳ್ಳದ್ದು’, 40ರಿಂದ 55 ‘ಕಷ್ಟಕರ’, 40ರ ಕೆಳಗೆ ‘ಅತಿ ಗಂಭೀರ’.

ಈಗ ಭಾರತದ ಸಾಲನ್ನು ಹತ್ತಿರದಿಂದ ನೋಡೋಣ. 2022ರ ಆವೃತ್ತಿಯಲ್ಲಿ ಅಂಕ 41.00, ಸ್ಥಾನ 150. 2023ರಲ್ಲಿ ಅಂಕ 36.62, ಸ್ಥಾನ 161. 2024ರಲ್ಲಿ ಅಂಕ 31.28, ಸ್ಥಾನ 159. 2025ರಲ್ಲಿ ಅಂಕ 32.96, ಸ್ಥಾನ 151.

2023ರಿಂದ 2024ಕ್ಕೆ ಏನಾಯಿತು ನೋಡಿ. ಅಂಕ 5.34ರಷ್ಟು ಕುಸಿದಿದೆ, ಸ್ಥಾನ ಮಾತ್ರ ಎರಡು ಮೆಟ್ಟಿಲು ಮೇಲೇರಿದೆ. ಬೇರೆ ದೇಶಗಳು ನಮಗಿಂತ ಹೆಚ್ಚು ಕುಸಿದಾಗ ಹೀಗಾಗುತ್ತದೆ. 2022 ಮತ್ತು 2025ನ್ನು ಪಕ್ಕಪಕ್ಕ ಇಟ್ಟರೆ ಇನ್ನೂ ಸ್ಪಷ್ಟ. ಸ್ಥಾನ 150 ಮತ್ತು 151, ಬದಲಾವಣೆಯೇ ಇಲ್ಲ ಅನ್ನಿಸುತ್ತದೆ. ಅಂಕ ಎಂಟು ಕಡಿಮೆಯಾಗಿದೆ, ದೇಶ ‘ಕಷ್ಟಕರ’ದಿಂದ ‘ಅತಿ ಗಂಭೀರ’ಕ್ಕೆ ಜಾರಿದೆ. ಸ್ಥಾನ ಎಂಬುದು ಸಾಲಿನಲ್ಲಿ ನಿಂತ ಜಾಗ. ಮುಂದಿದ್ದವನು ಬಿದ್ದರೂ ನೀವು ಮುಂದೆ ಬರುತ್ತೀರಿ.

ಇದು ಹಾಸನದವರಿಗೆ ಹೊಸದೇನಲ್ಲ. 2019ರ ಎಸ್ಸೆಸ್ಸೆಲ್ಸಿಯಲ್ಲಿ ಹಾಸನ ಜಿಲ್ಲೆ ರಾಜ್ಯಕ್ಕೆ ಮೊದಲು ಬಂದಾಗ ಊರೆಲ್ಲ ಸಿಹಿ ಹಂಚಿದ್ದರು. ಮುಂದಿನ ವರ್ಷಗಳಲ್ಲಿ ಸ್ಥಾನ ಆಚೀಚೆಯಾದಾಗ ‘ನಮ್ಮ ಮಕ್ಕಳು ಹಿಂದೆ ಬಿದ್ದರೋ, ಪಕ್ಕದ ಜಿಲ್ಲೆ ಮುಂದೆ ಹೋಯಿತೋ’ ಎಂಬ ಚರ್ಚೆಯೂ ನಡೆದಿತ್ತು. 2024ರಲ್ಲಿ ವೆಬ್‌ಕಾಸ್ಟಿಂಗ್ ಬಂತು, ಕೃಪಾಂಕ ಶೇ 20ಕ್ಕೆ ಏರಿತು. ಹಾಗಿದ್ದೂ ರಾಜ್ಯದ ಫಲಿತಾಂಶ ಶೇ 83.89ರಿಂದ ಶೇ 73.40ಕ್ಕೆ ಇಳಿಯಿತು. ಅಳೆಯುವ ಕೋಲೇ ಬದಲಾದ ಮೇಲೆ ಹಿಂದಿನ ವರ್ಷದೊಂದಿಗೆ ನೇರ ಹೋಲಿಕೆ ಎಲ್ಲಿಯದು?

ಆರ್‌ಎಸ್‌ಎಫ್‌ನಲ್ಲೂ ಕೋಲು ಬದಲಾಗಿದೆ, 2022ರಲ್ಲಿ. ಅದಕ್ಕೂ ಹಿಂದಿನ ಅಂಕಗಳನ್ನು ಜೋಡಿಸುವಾಗ ಎಚ್ಚರ ಬೇಕೆಂದು ಆ ಸಂಸ್ಥೆಯೇ ಹೇಳಿದೆ. ಹಳೆಯ ಪದ್ಧತಿಯಲ್ಲಿ ಅಂಕ ಕಡಿಮೆ ಇದ್ದಷ್ಟೂ ಒಳ್ಳೆಯದು ಎಂಬ ಲೆಕ್ಕವಿತ್ತು. 2021ರಲ್ಲಿ ಭಾರತಕ್ಕೆ 46.56 ಇತ್ತು. ಇದನ್ನು ತಿಳಿಯದೆ ‘46ರಿಂದ 41ಕ್ಕೆ ಕುಸಿತ’ ಎಂದು ಬರೆದರೆ ತಲೆಕೆಳಗಾದ ಎರಡು ಕೋಲುಗಳನ್ನು ಜೋಡಿಸಿದಂತೆ. 2022ರಿಂದಲೇ ಶುರು ಮಾಡಿ ಎಂದದ್ದು ಇದಕ್ಕೇ.

ಸ್ಥಾನವನ್ನು ನಂಬಬಾರದು ಎನ್ನುವುದಕ್ಕೆ ಭೂತಾನ್ ಒಳ್ಳೆಯ ಉದಾಹರಣೆ. 2022ರಲ್ಲಿ 33, 2023ರಲ್ಲಿ 90, 2024ರಲ್ಲಿ 147. ಎರಡೇ ವರ್ಷದಲ್ಲಿ 114 ಸ್ಥಾನ! ಅಲ್ಲಿ ಪತ್ರಕರ್ತರ ಮಾರಣಹೋಮವೇನೂ ನಡೆದಿಲ್ಲ. ಬೆರಳೆಣಿಕೆಯ ಪತ್ರಿಕೆಗಳ ಚಿಕ್ಕ ದೇಶ, ಜಾಹೀರಾತಿಗೆ ಸರ್ಕಾರವೇ ದೊಡ್ಡ ಆಸರೆ, ಎಲ್ಲರಿಗೂ ಎಲ್ಲರೂ ಗೊತ್ತು, ಹಾಗಾಗಿ ಬರೆಯುವ ಮೊದಲೇ ಕೈ ತಡೆಯುತ್ತದೆ. ಇಂಥ ಕಡೆ ಒಟ್ಟು ಅಂಕ ಬದಿಗಿಟ್ಟು ಐದು ಉಪ ಅಂಕಗಳನ್ನು ಒಂದೊಂದಾಗಿ ನೋಡಬೇಕು. ಯಾವುದು ಕುಸಿದಿದೆಯೋ ಅಲ್ಲಿಂದ ಹುಡುಕಾಟ ಶುರು.

ನಿಮ್ಮ ಹಾಳೆಯಲ್ಲೂ ಅದನ್ನೇ ಮಾಡಿ. ಪ್ರತಿ ದೇಶದ ಐದು ಉಪ ಅಂಕಗಳಲ್ಲಿ ಅತಿ ಕಡಿಮೆ ಇರುವುದಕ್ಕೆ ಕೆಂಪು ಬಣ್ಣ ಹಾಕಿ. ಆರು ದೇಶದ ಕೆಂಪು ಒಂದೇ ಕಂಬದಲ್ಲಿ ಬೀಳುವುದಿಲ್ಲ. ಆ ಚಿತ್ರ ನಿಮ್ಮ ಬರಹದ ಅಸ್ಥಿಪಂಜರ.

ತಲೆ ಎಣಿಸುವ ಪಟ್ಟಿಗಳು

ಎರಡನೇ ಸಂಜೆಯ ಕೆಲಸ. ಸಿಪಿಜೆಯ ಗಣತಿ ಪ್ರಕಾರ 2024ರ ಡಿಸೆಂಬರ್ 1ರಂದು ಜಗತ್ತಿನಾದ್ಯಂತ 361 ಪತ್ರಕರ್ತರು ಜೈಲಿನಲ್ಲಿದ್ದರು. ಚೀನಾದಲ್ಲಿ 50, ಇಸ್ರೇಲ್‌ನಲ್ಲಿ 43, ಮ್ಯಾನ್ಮಾರ್‌ನಲ್ಲಿ 35. ಈ ಅಂಕಿ ಒಂದು ರಾತ್ರಿಯ ಫೋಟೊ ಇದ್ದಂತೆ. ಜನವರಿಯಲ್ಲಿ ಹಿಡಿದು ನವೆಂಬರಿನಲ್ಲಿ ಬಿಟ್ಟವರು ಇದರಲ್ಲಿ ಇಲ್ಲ. ಹಿಡಿ, ಎರಡು ತಿಂಗಳು ಇಡು, ಜಾಮೀನು ಕೊಡು, ಮತ್ತೆ ಬೇರೆ ಕೇಸು ಹಾಕು: ಇದೇ ಪದ್ಧತಿ ಇರುವ ದೇಶಗಳು ಈ ಪಟ್ಟಿಯಲ್ಲಿ ಸಾಧುವಾಗಿ ಕಾಣುತ್ತವೆ. ಹಾಗಾಗಿ ಜೈಲಿನ ಕಂಬದ ಪಕ್ಕ ‘ವರ್ಷದಲ್ಲಿ ಬಂಧನವಾಗಿ ಬಿಡುಗಡೆಯಾದವರು’ ಎಂದು ಇನ್ನೊಂದು ಕಂಬ ಮಾಡಿ, ಆ ದೇಶದ ಪತ್ರಿಕೆಗಳ ವರದಿ ನೋಡಿ ತುಂಬಿಸಿ.

ಕೊಲೆಗಳ ಲೆಕ್ಕದಲ್ಲಿ ಸಿಪಿಜೆ ಎರಡು ಬುಟ್ಟಿ ಇಟ್ಟಿದೆ: ವೃತ್ತಿಯ ಕಾರಣಕ್ಕೇ ಕೊಂದದ್ದು ಖಚಿತವಾದವು, ಕಾರಣ ಖಚಿತವಾಗದವು. ಯುನೆಸ್ಕೊ ಪಟ್ಟಿಯ ಲೆಕ್ಕ ಬೇರೆ, ಆರ್‌ಎಸ್‌ಎಫ್‌ನದು ಮತ್ತೂ ಬೇರೆ. ಮೂರರಿಂದಲೂ ಒಂದೊಂದು ಅಂಕಿ ಎತ್ತಿ ಬೆರೆಸಬೇಡಿ. ಒಂದನ್ನು ಹಿಡಿದು ಕೊನೆಯವರೆಗೆ ಅದನ್ನೇ ಬಳಸಿ. ಸಾವು ನಡೆದ ಜಾಗದ ತೊಡಕೂ ಇದೆ. ಪಾಕಿಸ್ತಾನದ ಪತ್ರಕರ್ತ ಅರ್ಷದ್ ಷರೀಫ್ ಅವರನ್ನು 2022ರ ಅಕ್ಟೋಬರಿನಲ್ಲಿ ಗುಂಡಿಟ್ಟು ಕೊಂದದ್ದು ಕೀನ್ಯಾದಲ್ಲಿ. ದೇಶ ಬಿಟ್ಟು ಓಡಬೇಕಾದದ್ದು ಪಾಕಿಸ್ತಾನದಿಂದ. ಯಾವ ಸಾಲಿಗೆ ಬರೆಯುತ್ತೀರಿ? ಎಲ್ಲಿಗೇ ಬರೆದರೂ ಟಿಪ್ಪಣಿ ಹಾಕಿ.

ಸೊನ್ನೆ ಕಂಡಾಗ ಹೆಚ್ಚು ಅನುಮಾನ ಪಡಿ. ಪ್ರಶ್ನೆ ಕೇಳುವವರೇ ಇಲ್ಲದ ಕಡೆ ಕೊಲ್ಲಲು ಯಾರೂ ಸಿಗುವುದಿಲ್ಲ. ಉತ್ತರ ಕೊರಿಯಾದಲ್ಲಿ ಪತ್ರಕರ್ತರ ಕೊಲೆ ಸುದ್ದಿಯಾಗುವುದಿಲ್ಲ, ಅದು 2025ರ ಪಟ್ಟಿಯಲ್ಲಿ 179ನೇ ಸ್ಥಾನದಲ್ಲಿದೆ.

ಇನ್ನು ಜನಸಂಖ್ಯೆ. 140 ಕೋಟಿ ಜನರ ದೇಶದ ಎಣಿಕೆಯನ್ನು ಐದಾರು ಲಕ್ಷದ ಮಾಲ್ಡೀವ್ಸ್ ಪಕ್ಕ ಬರಿದೇ ಇಟ್ಟರೆ ಅದು ಹೋಲಿಕೆಯಲ್ಲ. ಮೂಡಿಗೆರೆ, ಸಕಲೇಶಪುರದ ಬೆಳೆಗಾರರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 50 ಕೆ.ಜಿ. ಕಾಫಿ ಚೆರ್ರಿ ಮೂಟೆಗೆ ಯಾರೂ ಬರೀ ತೂಕ ನೋಡಿ ಬೆಲೆ ಕಟ್ಟುವುದಿಲ್ಲ, ಓಟಿ (ಮೂಟೆಯಿಂದ ಎಷ್ಟು ಕೆ.ಜಿ. ಬೀಜ ಬರುತ್ತದೆ ಎಂಬ ಲೆಕ್ಕ) ಕೇಳುತ್ತಾರೆ. 26 ಬಂದದ್ದಕ್ಕೂ 28 ಬಂದದ್ದಕ್ಕೂ ಬೆಲೆ ಬೇರೆ. ಪತ್ರಕರ್ತರ ಲೆಕ್ಕದಲ್ಲೂ ಓಟಿ ತೆಗೆಯಿರಿ: ಕೋಟಿ ಜನಕ್ಕೆ ಎಷ್ಟು ಬಂಧನ? ಆದರೆ ತೀರಾ ಚಿಕ್ಕ ದೇಶದಲ್ಲಿ ಒಂದೇ ಬಂಧನಕ್ಕೂ ಈ ಸರಾಸರಿ ಆಕಾಶಕ್ಕೆ ಹಾರುತ್ತದೆ, ಹಾಗಾಗಿ ಮೂಲ ಅಂಕಿಯನ್ನೂ ಪಕ್ಕದಲ್ಲೇ ಬರೆಯಿರಿ.

ಇಂಟರ್ನೆಟ್ ಸ್ಥಗಿತದ ಲೆಕ್ಕವನ್ನು ಆಕ್ಸೆಸ್ ನೌ ಸಂಸ್ಥೆ ಇಡುತ್ತದೆ. 2024ರಲ್ಲಿ ಮ್ಯಾನ್ಮಾರ್‌ನಲ್ಲಿ 85, ಭಾರತದಲ್ಲಿ 84. ಅಲ್ಲಿಯವರೆಗೆ ವರ್ಷಗಟ್ಟಲೆ ಮೊದಲ ಸ್ಥಾನ ನಮ್ಮದೇ. ಇಲ್ಲಿಯೂ ಒಂದು ಹೊಂಡ ಇದೆ. ನಮ್ಮಲ್ಲಿ ಹೆಚ್ಚಿನವು ಒಂದು ಜಿಲ್ಲೆಗೋ ಕೆಲವು ಜಿಲ್ಲೆಗಳಿಗೋ ಸೀಮಿತವಾದ ಆದೇಶಗಳು. ಬಾಂಗ್ಲಾದೇಶದಲ್ಲಿ 2024ರ ಜುಲೈನಲ್ಲಿ ಇಡೀ ದೇಶದ ಇಂಟರ್ನೆಟ್ ದಿನಗಟ್ಟಲೆ ನಿಂತಿತ್ತು. ಎಷ್ಟು ಸಲ ಎಂದು ಮಾತ್ರ ಎಣಿಸಿದರೆ ಆ ದೊಡ್ಡ ಏಟು ಚಿಕ್ಕದಾಗಿ ಕಾಣುತ್ತದೆ. ಎಷ್ಟು ದಿನ, ಎಷ್ಟು ಜನಕ್ಕೆ ಎಂಬುದನ್ನೂ ಬರೆಯಿರಿ.

ಕಾನೂನು: ಪುಸ್ತಕದಲ್ಲಿರುವುದು, ಮೈಮೇಲೆ ಬೀಳುವುದು

ಮೊದಲು ಸಂವಿಧಾನದ ಬಲೆಯಿಂದ ತಪ್ಪಿಸಿಕೊಳ್ಳಿ. ಚೀನಾ ಸಂವಿಧಾನದ 35ನೇ ವಿಧಿಯಲ್ಲಿ ಪತ್ರಿಕಾ ಸ್ವಾತಂತ್ರ್ಯ ಎಂದು ಸ್ಪಷ್ಟವಾಗಿ ಬರೆದಿದೆ. ವಿಯೆಟ್ನಾಂ ಸಂವಿಧಾನದ 25ನೇ ವಿಧಿಯಲ್ಲೂ ಇದೆ. ಭಾರತದ 19(1)(ಎ) ವಿಧಿಯಲ್ಲಿ ‘ಪತ್ರಿಕೆ’ ಎಂಬ ಪದವೇ ಇಲ್ಲ. ವಾಕ್ ಮತ್ತು ಅಭಿವ್ಯಕ್ತಿ ಸ್ವಾತಂತ್ರ್ಯದೊಳಗೆ ಪತ್ರಿಕೆಯೂ ಸೇರುತ್ತದೆ ಎಂದು ಹೇಳಿದ್ದು ನಮ್ಮ ಸುಪ್ರೀಂ ಕೋರ್ಟ್. 1961ರ ಸಕಾಳ್ ಪೇಪರ್ಸ್, 1972ರ ಬೆನೆಟ್ ಕೋಲ್‌ಮನ್ ತೀರ್ಪುಗಳು ಆ ಹಕ್ಕಿಗೆ ಮೈತುಂಬಿದವು. ಸಂವಿಧಾನದ ಸಾಲು ನೋಡಿ ಅಂಕ ಕೊಡಲು ಹೊರಟರೆ ಬೀಜಿಂಗ್ ಗೆದ್ದು ದೆಹಲಿ ಸೋಲುತ್ತದೆ.

ಮಾಹಿತಿ ಹಕ್ಕಿನಲ್ಲೂ ಇದೇ ಪಾಡು. ಜಗತ್ತಿನ ಮಾಹಿತಿ ಹಕ್ಕು ಕಾಯ್ದೆಗಳಿಗೆ 150 ಅಂಕದ ಲೆಕ್ಕದಲ್ಲಿ ದರ್ಜೆ ಕೊಡುವ ಪಟ್ಟಿಯೊಂದಿದೆ. ಅದರ ತುತ್ತತುದಿಗೆ ಏರಿದ್ದು ಅಫ್ಗಾನಿಸ್ತಾನದ ಕಾಯ್ದೆ. ಅದು ಕಾಯ್ದೆಯ ಬರವಣಿಗೆಗೆ ಸಿಕ್ಕ ಅಂಕ, ಕಾಬೂಲಿನ ಕಚೇರಿಯಲ್ಲಿ ಅರ್ಜಿ ಹಾಕಿದವನಿಗೆ ಉತ್ತರ ಸಿಗುತ್ತದೆಯೇ ಎಂಬುದಕ್ಕಲ್ಲ.

ಹಾಗಾದರೆ ಕಾನೂನು ಹೋಲಿಸುವುದು ಹೇಗೆ? ಒಂದೇ ಕಾನೂನು ಹಿಡಿಯಿರಿ, ಅದು ಬೇರೆ ಬೇರೆ ದೇಶಗಳಲ್ಲಿ ಪತ್ರಕರ್ತನ ಮೈಮೇಲೆ ಎಷ್ಟು ದಿನ ಕೂತಿತ್ತು ಎಂದು ಲೆಕ್ಕ ಹಾಕಿ. 1923ರ ಅಧಿಕೃತ ರಹಸ್ಯಗಳ ಕಾಯ್ದೆ ಇದಕ್ಕೆ ಹೇಳಿ ಮಾಡಿಸಿದಂತಿದೆ. ಬ್ರಿಟಿಷರು ಮಾಡಿದ್ದು. ಭಾರತ, ಪಾಕಿಸ್ತಾನ, ಬಾಂಗ್ಲಾದೇಶ, ಮ್ಯಾನ್ಮಾರ್ ನಾಲ್ಕಕ್ಕೂ ಪಿತ್ರಾರ್ಜಿತವಾಗಿ ಬಂದಿದೆ.

ಮ್ಯಾನ್ಮಾರ್‌ನಲ್ಲಿ ರಾಯಿಟರ್ಸ್‌ನ ವಾ ಲೋನ್, ಚಾ ಸೊ ಊ ಅವರನ್ನು 2017ರ ಡಿಸೆಂಬರ್ 12ರಂದು ಹಿಡಿದರು. ಏಳು ವರ್ಷ ಶಿಕ್ಷೆಯಾಯಿತು. 2019ರ ಮೇ 7ರಂದು ಹೊರಬಂದದ್ದು ಕೋರ್ಟಿನಿಂದಲ್ಲ, ಅಧ್ಯಕ್ಷರ ಕ್ಷಮಾದಾನದಿಂದ. ಒಟ್ಟು 500ಕ್ಕೂ ಹೆಚ್ಚು ದಿನ. ಬಾಂಗ್ಲಾದೇಶದ ಪತ್ರಕರ್ತೆ ರೋಜಿನಾ ಇಸ್ಲಾಂ ಅವರನ್ನು 2021ರ ಮೇ 17ರಂದು ಆರೋಗ್ಯ ಸಚಿವಾಲಯದ ಕಚೇರಿಯಲ್ಲಿ ಗಂಟೆಗಟ್ಟಲೆ ಕೂರಿಸಿ ಆಮೇಲೆ ಬಂಧಿಸಿದರು. ಮೇ 23ಕ್ಕೆ ಜಾಮೀನು, ಆರು ದಿನ. ದೆಹಲಿಯಲ್ಲಿ ಪತ್ರಕರ್ತ ಇಫ್ತಿಕಾರ್ ಗಿಲಾನಿ 2002ರ ಜೂನ್‌ನಿಂದ 2003ರ ಜನವರಿವರೆಗೆ ಒಳಗಿದ್ದರು, ಏಳು ತಿಂಗಳು. ಕೊನೆಗೆ ಸರ್ಕಾರವೇ ಕೇಸು ಹಿಂಪಡೆಯಿತು.

ಕಾಲ ಬೇರೆ ಬೇರೆ, ಹಾಗಾಗಿ ಈ ಮೂರರಿಂದ ಯಾವ ದೇಶ ಮೇಲು ಎಂದು ತೀರ್ಪು ಕೊಡಬೇಡಿ. ಬದಲಿಗೆ ಮೂರು ಕಡೆಯೂ ಅದೇ ನಾಲ್ಕು ಪ್ರಶ್ನೆ ಕೇಳಿ: ಹಿಡಿದವರು ಯಾರು, ಜಾಮೀನಿಗೆ ಎಷ್ಟು ದಿನ, ಬಿಡಿಸಿದವರು ಯಾರು, ಬಿಡುಗಡೆಯಾದ ಮೇಲೆ ಅವರು ಮತ್ತೆ ಬರೆಯಲು ಸಾಧ್ಯವಾಯಿತೇ? ‘ಬಿಡಿಸಿದವರು ಯಾರು’ ಎಂಬ ಕಂಬ ಹೆಚ್ಚು ಮಾತಾಡುತ್ತದೆ. ಕೋರ್ಟು ಬಿಡಿಸಿದರೆ ಒಂದು ಅರ್ಥ, ಅಧ್ಯಕ್ಷರ ದಯೆಯಿಂದ ಹೊರಬಂದರೆ ಇನ್ನೊಂದು.

ದೇಶದ್ರೋಹದ 124ಎ ಕೂಡ ಹೀಗೇ ಹಂಚಿಹೋದ ಆಸ್ತಿ. ನಮ್ಮ ಸುಪ್ರೀಂ ಕೋರ್ಟ್ 2022ರ ಮೇ 11ರಂದು ಅದನ್ನು ತಡೆಹಿಡಿಯಿತು. ಲಾಹೋರ್ ಹೈಕೋರ್ಟ್ 2023ರ ಮಾರ್ಚ್ 30ರಂದು ಪಾಕಿಸ್ತಾನದ 124ಎಯನ್ನು ರದ್ದು ಮಾಡಿತು. ನಮ್ಮಲ್ಲಿ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂತು. ‘ದೇಶದ್ರೋಹ’ ಎಂಬ ಹೆಸರು ಹೋಯಿತು, 152ನೇ ಕಲಂ ಬಂತು. ಹೆಸರು ಹೋಗಿದ್ದನ್ನೇ ನೋಡಿ ‘ರದ್ದಾಯಿತು’ ಎಂದು ಹಾಳೆಯಲ್ಲಿ ಗುರುತು ಹಾಕಬೇಡಿ. ಎರಡೂ ಕಲಂಗಳನ್ನು ಪಕ್ಕಪಕ್ಕ ಓದಿ.

ಮಾನನಷ್ಟದಲ್ಲಿ ಲೆಕ್ಕ ಇನ್ನೂ ವಿಚಿತ್ರ. ಶ್ರೀಲಂಕಾ ಕ್ರಿಮಿನಲ್ ಮಾನನಷ್ಟವನ್ನು 2002ರಲ್ಲೇ ಕಿತ್ತುಹಾಕಿತು. ಭಾರತದಲ್ಲಿ ಸುಪ್ರೀಂ ಕೋರ್ಟ್ 2016ರಲ್ಲಿ ಅದನ್ನು ಎತ್ತಿಹಿಡಿಯಿತು, ಈಗ ನ್ಯಾಯ ಸಂಹಿತೆಯ 356ನೇ ಕಲಂ, ಎರಡು ವರ್ಷದವರೆಗೆ ಶಿಕ್ಷೆ. ಆದರೂ ಸಂಪಾದಕ ಲಸಂತ ವಿಕ್ರಮತುಂಗ ಅವರನ್ನು 2009ರ ಜನವರಿ 8ರಂದು ಕೊಲಂಬೊ ಬಳಿ ಹಾಡಹಗಲೇ ಕೊಂದದ್ದು, 2010ರ ಜನವರಿಯಲ್ಲಿ ಪತ್ರಕರ್ತ ಪ್ರಗೀತ್ ಏಕನಾಲಿಗೊಡ ಕಾಣೆಯಾದದ್ದು ಕ್ರಿಮಿನಲ್ ಮಾನನಷ್ಟ ಇಲ್ಲದ ಅದೇ ಶ್ರೀಲಂಕಾದಲ್ಲಿ. ಇತ್ತ ದಕ್ಷಿಣ ಕೊರಿಯಾದಲ್ಲಿ ಹೇಳಿದ್ದು ಸತ್ಯವೇ ಆದರೂ ಮಾನನಷ್ಟಕ್ಕೆ ಜೈಲು ವಿಧಿಸಲು ಕಾನೂನಿನಲ್ಲಿ ಅವಕಾಶ ಇದೆ. 2025ರ ಪಟ್ಟಿಯಲ್ಲಿ ಸ್ಥಾನ ಮಾತ್ರ 61. ಒಂದು ಕಲಂ ಹಿಡಿದು ದೇಶ ಅಳೆಯಲಾಗದು ಎನ್ನಲು ಇದಕ್ಕಿಂತ ಪುರಾವೆ ಬೇಡ.

ಸೈಬರ್ ಕಾನೂನುಗಳು ಬೇಗ ಬೇಗ ಹೆಸರು ಬದಲಿಸುತ್ತವೆ: ಬಾಂಗ್ಲಾದೇಶದಲ್ಲಿ 2018ರ ಡಿಜಿಟಲ್ ಭದ್ರತಾ ಕಾಯ್ದೆ 2023ರಲ್ಲಿ ಸೈಬರ್ ಭದ್ರತಾ ಕಾಯ್ದೆಯಾಯಿತು, 2025ರಲ್ಲಿ ಅದರ ಜಾಗಕ್ಕೆ ಸುಗ್ರೀವಾಜ್ಞೆ ಬಂತು. ಪಾಕಿಸ್ತಾನದಲ್ಲಿ 2016ರ ಪೆಕಾ (ಎಲೆಕ್ಟ್ರಾನಿಕ್ ಅಪರಾಧ ತಡೆ ಕಾಯ್ದೆ), 2025ರ ಜನವರಿಯಲ್ಲಿ ಅದಕ್ಕೆ ತಿದ್ದುಪಡಿ. ಶ್ರೀಲಂಕಾದಲ್ಲಿ 2024ರ ಆನ್‌ಲೈನ್ ಸುರಕ್ಷತಾ ಕಾಯ್ದೆ. ಸಿಂಗಪುರದಲ್ಲಿ 2019ರ ಪೊಫ್ಮಾ (ಆನ್‌ಲೈನ್ ಸುಳ್ಳು ಮಾಹಿತಿ ತಡೆ ಕಾಯ್ದೆ), ಸುದ್ದಿಗೆ ‘ತಿದ್ದುಪಡಿ ಹಾಕು’ ಎಂದು ಸಚಿವರೇ ಆದೇಶ ಕೊಡಿಸಬಹುದು. ಹೊಸ ಕಾಯ್ದೆ ಬಂದಾಗ ಹಳೆಯದರ ಕೇಸುಗಳು ಬಿದ್ದುಹೋದವೇ, ಮುಂದುವರಿದವೇ ಎಂಬುದನ್ನು ತಪ್ಪದೆ ನೋಡಿ.

ಭಾರತದ ಸಾಲಿಗೆ ಎರಡು ಸ್ಥಳೀಯ ಟಿಪ್ಪಣಿ ಸೇರಿಸುವುದು ಒಳ್ಳೆಯದು, ಜಾಗತಿಕ ಪಟ್ಟಿಗಳಲ್ಲಿ ಇವು ಎದ್ದು ಕಾಣುವುದಿಲ್ಲ. ಒಂದು, ಶಾಸಕಾಂಗದ ಹಕ್ಕುಚ್ಯುತಿ: 2017ರ ಜೂನ್‌ನಲ್ಲಿ ಕರ್ನಾಟಕ ವಿಧಾನಸಭೆ ಇಬ್ಬರು ಸಂಪಾದಕರಿಗೆ ಒಂದು ವರ್ಷ ಜೈಲು ವಿಧಿಸಿತ್ತು. ಎರಡು, ಪ್ರಕಟಣೆಗೆ ಮೊದಲೇ ತರುವ ತಡೆಯಾಜ್ಞೆ: 2021ರ ಮಾರ್ಚ್‌ನಲ್ಲಿ ರಾಜ್ಯದ ಆರು ಸಚಿವರು ಬೆಂಗಳೂರಿನ ಸಿವಿಲ್ ಕೋರ್ಟಿನಿಂದ ಅರವತ್ತಕ್ಕೂ ಹೆಚ್ಚು ಮಾಧ್ಯಮ ಸಂಸ್ಥೆಗಳ ವಿರುದ್ಧ ಆದೇಶ ತಂದಿದ್ದರು. ಇಂಥದ್ದಕ್ಕೆ ಯಾರೂ ಜೈಲಿಗೆ ಹೋಗಬೇಕಿಲ್ಲ, ಸಿಪಿಜೆ ಪಟ್ಟಿಗೆ ಒಂದು ಹೆಸರೂ ಸೇರುವುದಿಲ್ಲ, ಸುದ್ದಿ ಮಾತ್ರ ಬರುವುದಿಲ್ಲ.

ದುಡ್ಡು ಮತ್ತು ಪರವಾನಗಿ

ಸಿಂಗಪುರದ ಗುಟ್ಟು ಇಲ್ಲಿದೆ. 1974ರ ಪತ್ರಿಕೆ ಮತ್ತು ಮುದ್ರಣಾಲಯ ಕಾಯ್ದೆಯಲ್ಲಿ ‘ಆಡಳಿತ ಷೇರು’ ಎಂಬ ವಿಶೇಷ ಷೇರು ಇದೆ. ನಿರ್ದೇಶಕರನ್ನೋ ಸಿಬ್ಬಂದಿಯನ್ನೋ ನೇಮಿಸುವ, ತೆಗೆಯುವ ವಿಷಯದಲ್ಲಿ ಅಂಥ ಒಂದು ಷೇರಿಗೆ 200 ಮತ. ಅದನ್ನು ಯಾರು ಹೊಂದಬಹುದು ಎಂಬುದಕ್ಕೆ ಸರ್ಕಾರದ ಒಪ್ಪಿಗೆ ಬೇಕು. ಪತ್ರಿಕೆ ನಡೆಸುವ ಪರವಾನಗಿಯನ್ನು ವರ್ಷ ವರ್ಷ ನವೀಕರಿಸಬೇಕು. ಸಂಪಾದಕನನ್ನು ಆರಿಸುವ ಹಗ್ಗ ಕೈಯಲ್ಲಿದ್ದ ಮೇಲೆ ವರದಿಗಾರನನ್ನು ಹಿಡಿಯುವ ಶ್ರಮ ಯಾಕೆ?

ನೇಪಾಳ ಮತ್ತು ಭಾರತದ ನಡುವೆ ಹೋಲಿಸಲು ರೇಡಿಯೊ ತೆಗೆದುಕೊಳ್ಳಿ. ಕಠ್ಮಂಡುವಿನ ರೇಡಿಯೊ ಸಾಗರಮಾಥಾ 1997ರಲ್ಲಿ ಶುರುವಾಯಿತು, ಆಮೇಲೆ ನೂರಾರು ಎಫ್‌ಎಂಗಳು ಅಲ್ಲಿ ತಮ್ಮದೇ ಸುದ್ದಿ ಓದುತ್ತಿವೆ. ಭಾರತದಲ್ಲಿ ಖಾಸಗಿ ಎಫ್‌ಎಂ ತನ್ನದೇ ಸುದ್ದಿ ಪ್ರಸಾರ ಮಾಡುವಂತಿಲ್ಲ, ಆಕಾಶವಾಣಿಯ ಸುದ್ದಿಯನ್ನು ಇದ್ದ ಹಾಗೆ ಕೇಳಿಸಬಹುದು ಅಷ್ಟೇ. ಹಾಸನದಲ್ಲಿ ರೇಡಿಯೊ ಹಾಕಿದರೆ ಸಿಗುವ ಸುದ್ದಿ ಆಕಾಶವಾಣಿಯದ್ದೇ. ಅಭ್ಯಾಸವಾಗಿ ಹೋಗಿರುವುದರಿಂದ ಇದೂ ಒಂದು ನಿರ್ಬಂಧ ಎಂದು ನಮಗೆ ಅನ್ನಿಸುವುದೇ ಇಲ್ಲ. ಹೊರಗಿನ ದೇಶದೊಂದಿಗೆ ಹೋಲಿಸುವುದರ ನಿಜವಾದ ಲಾಭ ಇಂಥ ಕಡೆ.

ಆರ್ಥಿಕ ಉಪ ಅಂಕ ಏನು ಅಳೆಯುತ್ತದೆ ಎಂಬುದು ತಿಳಿಯಬೇಕಾದರೆ ಪುಸ್ತಕಕ್ಕಿಂತ ಹಾಸನಾಂಬ ಜಾತ್ರೆಯ ವಿಶೇಷ ಪುರವಣಿ ನೋಡುವುದು ಸುಲಭ. ಪುಟದ ತುಂಬ ಶುಭಾಶಯದ ಜಾಹೀರಾತು. ಅವನ್ನು ತರಲು ಓಡಾಡುವುದು ಹಲವು ಕಡೆ ತಾಲ್ಲೂಕು ವರದಿಗಾರನೇ. ಸಂಬಳ ಅಷ್ಟಕ್ಕಷ್ಟೆ, ಜಾಹೀರಾತಿನ ಕಮಿಷನ್ನೇ ಆಧಾರ. ದೀಪಾವಳಿಗೆ ಮೊದಲು ಯಾವ ಕಲ್ಲುಕ್ವಾರಿ ಮಾಲೀಕನ ಬಳಿ ಕಾಲು ಪುಟ ಕೇಳಿದ್ದನೋ, ಯುಗಾದಿಯ ಹೊತ್ತಿಗೆ ಅವನ ಅಕ್ರಮದ ಬಗ್ಗೆ ಬರೆಯಬೇಕಾದಾಗ ಪೆನ್ನು ಎಷ್ಟು ಓಡುತ್ತದೆ? ಭೂತಾನಿನಲ್ಲಿ ಸರ್ಕಾರಿ ಜಾಹೀರಾತು ಮಾಡುವ ಕೆಲಸವನ್ನೇ ಇಲ್ಲಿ ಸರ್ಕಾರಿ ಜಾಹೀರಾತೂ ಖಾಸಗಿ ಶುಭಾಶಯವೂ ಹಂಚಿಕೊಂಡಿವೆ. ಪ್ರತಿ ದೇಶಕ್ಕೂ ಕೇಳಬೇಕಾದದ್ದು: ಪತ್ರಿಕೆಯ ಆದಾಯದಲ್ಲಿ ಸರ್ಕಾರದ ಪಾಲೆಷ್ಟು, ಓದುಗನ ಪಾಲೆಷ್ಟು, ಮಾಲೀಕನ ಇನ್ನಿತರ ಉದ್ಯಮ ಯಾವುವು?

ಇನ್ನೊಂದು ಕಣ್ಣಿನಿಂದ ಪರೀಕ್ಷೆ

ಒಂದೇ ಸೂಚ್ಯಂಕ ನಂಬಬಾರದು. ಸ್ವೀಡನ್ನಿನ ಗೋಥೆನ್‌ಬರ್ಗ್ ವಿಶ್ವವಿದ್ಯಾಲಯದ ವಿ-ಡೆಮ್ ದತ್ತಾಂಶದಲ್ಲಿ ಸೆನ್ಸಾರ್, ಪತ್ರಕರ್ತರಿಗೆ ಕಿರುಕುಳ, ಸ್ವಯಂ ಸೆನ್ಸಾರ್ ಇವಕ್ಕೆಲ್ಲ ಬೇರೆ ಬೇರೆ ಅಂಕ ಇದೆ, ಉಚಿತವಾಗಿ ಸಿಗುತ್ತದೆ. ಪೂರ್ತಿ ಕಡತ ಭಾರೀ ಗಾತ್ರದ್ದು. ಕಾಲೇಜು ಲ್ಯಾಬಿನ ಹಳೆಯ ಕಂಪ್ಯೂಟರ್ ತೆರೆಯುವಷ್ಟರಲ್ಲಿ ಸುಸ್ತಾಗುತ್ತದೆ. ತಾಣದಲ್ಲೇ ಇರುವ ನಕ್ಷೆಯ ಸಾಧನ ಬಳಸಿ. ಅಲ್ಲಿ ಅಂಕದ ಮೇಲೆ ಕೆಳಗೆ ಒಂದು ಅಂತರ ತೋರಿಸುತ್ತಾರೆ. ತಜ್ಞರ ಅಂದಾಜು ಎಷ್ಟರ ಮಟ್ಟಿಗೆ ಆಚೀಚೆ ಇರಬಹುದು ಎಂಬ ಗಡಿ ಅದು. ಎರಡು ದೇಶಗಳ ಗಡಿಗಳು ಒಂದರ ಮೇಲೊಂದು ಬಿದ್ದರೆ ‘ಇದು ಅದಕ್ಕಿಂತ ಮೇಲು’ ಎಂದು ಬರೆಯಬೇಡಿ. ಅಮೆರಿಕದ ಫ್ರೀಡಂ ಹೌಸ್ ಸಂಸ್ಥೆಯ ವರದಿಯಲ್ಲಿ ಮಾಧ್ಯಮಕ್ಕೆ ಸಂಬಂಧಿಸಿದ್ದು ಒಂದೇ ಪ್ರಶ್ನೆ, 0ರಿಂದ 4ರ ಅಂಕ, ಸೂಕ್ಷ್ಮ ಬದಲಾವಣೆ ಅದರಲ್ಲಿ ಕಾಣದು. ಅವರ ಪ್ರತ್ಯೇಕ ಪತ್ರಿಕಾ ಸ್ವಾತಂತ್ರ್ಯ ವರದಿ 2017ಕ್ಕೇ ನಿಂತಿದೆ, ಅದನ್ನು ಈಗಿನದೆಂದು ಉಲ್ಲೇಖಿಸುವವರು ಇನ್ನೂ ಇದ್ದಾರೆ.

ಈ ಎಲ್ಲ ಪಟ್ಟಿಗಳಿಗೂ ಪಾಶ್ಚಾತ್ಯ ಪಕ್ಷಪಾತ ಇದೆ ಎಂಬ ಆಕ್ಷೇಪ ನಮ್ಮ ಸರ್ಕಾರದ್ದೂ ಹೌದು. ತಜ್ಞರ ಅಭಿಪ್ರಾಯ ಕೇಳುವ ಯಾವ ಪದ್ಧತಿಯಲ್ಲೂ ಆ ಅಪಾಯ ಇದ್ದದ್ದೇ. ಅದಕ್ಕೆ ಮದ್ದು ಪಟ್ಟಿಯನ್ನು ಎಸೆಯುವುದಲ್ಲ. ಅಭಿಪ್ರಾಯದ ಅಂಕವನ್ನು ಎಣಿಕೆಯ ಪಕ್ಕ, ಎಣಿಕೆಯನ್ನು ಕೋರ್ಟ್ ದಾಖಲೆಯ ಪಕ್ಕ ಇಟ್ಟು ನೋಡುವುದು. ಮೂರೂ ಒಂದೇ ದಿಕ್ಕು ತೋರಿಸಿದರೆ ಧೈರ್ಯವಾಗಿ ಬರೆಯಿರಿ.

ಬರೆಯುವಾಗ

ಮೂರನೇ ಸಂಜೆ. ಅಂಕ ನಿಂತ ಮೇಲೆ ನಡೆದ ಘಟನೆಗಳನ್ನು ಮೊದಲು ಪಟ್ಟಿ ಮಾಡಿ. ನೇಪಾಳ 2025ರ ಸೂಚ್ಯಂಕದಲ್ಲಿ 90ನೇ ಸ್ಥಾನದಲ್ಲಿತ್ತು. ಅದೇ ವರ್ಷ ಸೆಪ್ಟೆಂಬರ್ 4ರಂದು ಸರ್ಕಾರ 26 ಸಾಮಾಜಿಕ ಜಾಲತಾಣಗಳನ್ನು ನಿಷೇಧಿಸಿತು, ಯುವಕರು ಬೀದಿಗಿಳಿದರು, ಸೆಪ್ಟೆಂಬರ್ 9ರಂದು ಕಠ್ಮಂಡುವಿನ ಕಾಂತಿಪುರ ಮಾಧ್ಯಮ ಸಂಸ್ಥೆಯ ಕಟ್ಟಡಕ್ಕೆ ಬೆಂಕಿ ಬಿತ್ತು. ನಿಷೇಧ ಹೇರಿದ ಕೈ ಸರ್ಕಾರದ್ದು, ಬೆಂಕಿ ಹಚ್ಚಿದ್ದು ಗುಂಪು. ಒಂದೇ ವಾರದಲ್ಲಿ ಎರಡು ಬೇರೆ ಕೈ. ಬಾಂಗ್ಲಾದೇಶದಲ್ಲೂ 2024ರ ಆಗಸ್ಟ್ 5ರಂದು ಷೇಖ್ ಹಸೀನಾ ಸರ್ಕಾರ ಬಿದ್ದ ನಂತರ ಸ್ಥಾನ 165ರಿಂದ 149ಕ್ಕೆ ಬಂತು. ಅದೇ ಹೊತ್ತಿಗೆ ಹಳೆಯ ಸರ್ಕಾರಕ್ಕೆ ಹತ್ತಿರವಿದ್ದವರೆಂಬ ಪತ್ರಕರ್ತರ ಮೇಲೆ ಕೊಲೆ ಪ್ರಕರಣಗಳು ಬಿದ್ದವು.

ವಾಕ್ಯ ಹೇಗಿರಬೇಕು? ‘ಭಾರತಕ್ಕಿಂತ ನೇಪಾಳದಲ್ಲಿ ಪತ್ರಿಕಾ ಸ್ವಾತಂತ್ರ್ಯ ಹೆಚ್ಚು’ ಎಂದು ಬರೆದರೆ ಯಾರು, ಯಾವಾಗ, ಯಾವುದರಲ್ಲಿ ಎಂಬುದೇ ಇಲ್ಲ. ಹೀಗೆ ಬರೆದು ನೋಡಿ: ‘2024ರ ಸ್ಥಿತಿಯನ್ನು ಹೇಳುವ ಆರ್‌ಎಸ್‌ಎಫ್ ಪಟ್ಟಿಯಲ್ಲಿ ನೇಪಾಳ 90, ಭಾರತ 151. ಖಾಸಗಿ ಎಫ್‌ಎಂ ಸುದ್ದಿಗೆ ಅಲ್ಲಿ ಅವಕಾಶ ಇದೆ, ಇಲ್ಲಿ ಇಲ್ಲ. 2025ರ ಸೆಪ್ಟೆಂಬರಿನ ಘಟನೆಗಳು ಈ ಅಂಕದಲ್ಲಿ ಸೇರಿಲ್ಲ.’ ಮೂರು ವಾಕ್ಯ, ಮೂರನ್ನೂ ಯಾರು ಬೇಕಾದರೂ ಪರೀಕ್ಷಿಸಬಹುದು.

ಸ್ಥಾನ ಬರೆದ ಕಡೆಯೆಲ್ಲ ಪಕ್ಕದಲ್ಲಿ ಅಂಕ ಬರೆಯಿರಿ. ಪುಟದಲ್ಲಿ ಜಾಗ ಇಲ್ಲವೆಂದು ಸಂಪಾದಕರು ಒಂದನ್ನು ತೆಗೆಯಲು ಹೇಳಿದರೆ ಸ್ಥಾನ ತೆಗೆಯಿರಿ. ಭಾಷಣಕ್ಕೆ ಬಂದ ಅತಿಥಿ ಅಂಕಿ ಹೇಳಿದರೆ ಯಾವ ವರ್ಷದ ಆವೃತ್ತಿ ಎಂದು ಕಾರ್ಯಕ್ರಮ ಮುಗಿದ ಮೇಲೆ ಕೇಳಿ, ಉತ್ತರ ಸಿಗದಿದ್ದರೆ ವರದಿಯಲ್ಲಿ ಆ ಅಂಕಿ ಬೇಡ.

ಹಾಳೆಯ ಕಡತಕ್ಕೆ ದಿನಾಂಕ ಸೇರಿಸಿ ಹೆಸರಿಡಿ. ಸಂಸ್ಥೆಗಳು ಹಳೆಯ ಅಂಕಿಗಳನ್ನು ಆಮೇಲೆ ತಿದ್ದುವುದುಂಟು, ಹಾಗಾಗಿ ನೋಡಿದ ದಿನದ ಪುಟದ ಒಂದು ಪ್ರತಿಯನ್ನು ಪಿಡಿಎಫ್ ಮಾಡಿ ಜೊತೆಗಿಡಿ. ಮುಂದಿನ ಮೇ ತಿಂಗಳಲ್ಲಿ ಹೊಸ ಪಟ್ಟಿ ಬಂದಾಗ ಹೊಸ ಸಾಲು ಸೇರಿಸಿ, ಹಳೆಯ ಸಾಲನ್ನು ಮುಟ್ಟಬೇಡಿ.